ಶಾಲೆಗೆ ಕಿಟ್ ಕೊಡುವ ಮೊದಲು ಬೀರುವಿನ ಕೀಲಿ ಯಾರ ಹತ್ತಿರ ಇದೆ ಅಂತ ಕೇಳಿ

ನಮ್ಮ ಕೊಡಗಿನ ಹಳೇ ಸರ್ಕಾರಿ ಶಾಲೆಗಳಿಗೆ ಹೋದರೆ ಗೋಡೆ ಗಡಿಯಾರದ ಮೇಲೆ, ಫ್ಯಾನಿನ ರೆಕ್ಕೆಯ ಮೇಲೆ, ಬೀರುವಿನ ಬಾಗಿಲ ಮೇಲೆ ಬಣ್ಣದಲ್ಲಿ ಬರೆದ ಹೆಸರು ಕಾಣುತ್ತದೆ. ದಾನಿಗಳು ಇಂಥವರು, ಇಂಥ ಊರು. ಶಾಲೆಗೆ ಕೊಡುವ ಮನಸ್ಸು ನಮ್ಮಲ್ಲಿ ಮೊದಲಿನಿಂದಲೂ ಇದೆ. ಫ್ಯಾನ್ ಕೊಟ್ಟರೆ ಸ್ವಿಚ್ ಹಾಕಿದ ಕೂಡಲೇ ತಿರುಗುತ್ತದೆ, ಅಲ್ಲಿಗೆ ಕೆಲಸ ಮುಗಿಯಿತು. ಕಂಪ್ಯೂಟರ್, ಸೆನ್ಸಾರ್, ರೋಬೋಟ್ ಕಿಟ್ ಹಾಗಲ್ಲ. ಅದನ್ನು ಮಕ್ಕಳು ಕೈಯಲ್ಲಿ ಹಿಡಿದು, ತಪ್ಪಾಗಿ ಜೋಡಿಸಿ, ಬಿಚ್ಚಿ, ಮತ್ತೆ ಜೋಡಿಸಿದರೆ ಮಾತ್ರ ಕೊಟ್ಟದ್ದಕ್ಕೆ ಬೆಲೆ.

ಸುಮಾರು ಹತ್ತು ವರ್ಷದ ಹಿಂದೆ ನಾವು ಹಳೇ ವಿದ್ಯಾರ್ಥಿಗಳು ಕೆಲವರು ದುಡ್ಡು ಸೇರಿಸಿ ಒಂದು ಶಾಲೆಗೆ ಆರು ಕಂಪ್ಯೂಟರ್ ಕೊಟ್ಟೆವು. ಹಾರ, ಭಾಷಣ, ಫೋಟೋ ಎಲ್ಲ ಆಯ್ತು. ಮೂರು ಮಳೆಗಾಲ ಕಳೆದ ಮೇಲೆ ಯಾವುದೋ ಕೆಲಸಕ್ಕೆ ಹೋದಾಗ ನೋಡಿದರೆ ಆರಕ್ಕೆ ಆರೂ ಹಳೇ ಬೆಡ್‌ಶೀಟ್ ಹೊದ್ದು ಮೂಲೆಯಲ್ಲಿ ಕೂತಿದ್ದವು. ಕೀಬೋರ್ಡಿನ ಮೇಲೆ ಬೂಷ್ಟು. ಎರಡು ಆನ್ ಆಗಲೇ ಇಲ್ಲ. ಮಕ್ಕಳು ಹಾಳು ಮಾಡುತ್ತಾರೆ ಅಂತ ಮುಟ್ಟಲು ಬಿಟ್ಟಿರಲಿಲ್ಲ, ತೇವ ಬಂದು ಹಾಳು ಮಾಡಿತ್ತು. ಆಗ ನನಗೆ ಸಿಟ್ಟು ಬಂದಿತ್ತು. ಆಮೇಲೆ ಅಲ್ಲಿನ ಟೀಚರ್ ಒಬ್ಬರು ಹೇಳಿದ ಮಾತು ಮನಸ್ಸಿನಲ್ಲಿ ಉಳಿಯಿತು. "ಸರ್, ಇದು ದಾಸ್ತಾನು ಪುಸ್ತಕಕ್ಕೆ ಏರಿದ ಸಾಮಾನು. ಒಂದು ಮೌಸ್ ಹೋದರೂ ಆಡಿಟ್‌ನಲ್ಲಿ ನಾನೇ ಉತ್ತರ ಕೊಡಬೇಕು. ರಿಪೇರಿಗೆ ದುಡ್ಡು ಯಾರು ಕೊಡ್ತಾರೆ?"

ಅವರು ಹೇಳಿದ್ದು ಸರಿ ಇತ್ತು. ಸಾಮಾನು ಕೊಟ್ಟಿದ್ದೆವು, ಒಡೆಯುವ ಅನುಮತಿ ಕೊಟ್ಟಿರಲಿಲ್ಲ. ಆಮೇಲೆ ಬೇರೆ ಎರಡು ಶಾಲೆಗಳಲ್ಲಿ ಬೇರೆ ರೀತಿ ಮಾಡಿದೆವು, ಕೆಲಸ ನಡೆಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನೀವು ಬೆಂಗಳೂರಿನಲ್ಲೋ ದುಬೈನಲ್ಲೋ ಇದ್ದು ನಿಮ್ಮೂರ ಶಾಲೆಗೆ ಏನಾದರೂ ಮಾಡಬೇಕು ಅಂದುಕೊಂಡಿದ್ದರೆ ಉಪಯೋಗಕ್ಕೆ ಬಂದೀತು.

ಮೊದಲು ಒಂದು ಸಲ ಹೋಗಿ ಬನ್ನಿ

ದುಡ್ಡು ಕೂಡಿಸುವ ಮೊದಲೇ ಹೋಗಿ, ಬರಿಗೈಯಲ್ಲಿ ಹೋದರೂ ಪರವಾಗಿಲ್ಲ. ಹೆಡ್ ಮಾಸ್ಟರ್ ಜೊತೆ ಮಾತಾಡಿ. ಅದಕ್ಕಿಂತ ಜಾಸ್ತಿ ಹೊತ್ತು ವಿಜ್ಞಾನ ಅಥವಾ ಗಣಿತ ಹೇಳುವ ಟೀಚರ್ ಜೊತೆ ಕೂತುಕೊಳ್ಳಿ, ಯಾಕೆಂದರೆ ದಿನಾ ಇದನ್ನು ನಡೆಸಬೇಕಾದವರು ಅವರೇ. "ನಿಮಗೆ ಏನು ಬೇಕು" ಅಂತ ಕೇಳಿದರೆ ಸಂಕೋಚಕ್ಕೆ "ಏನಾದರೂ ಕೊಡಿ ಸರ್" ಅನ್ನುತ್ತಾರೆ. ಬದಲಿಗೆ ಸಣ್ಣ ಸಣ್ಣ ಪ್ರಶ್ನೆ ಕೇಳಿ. ಆರು, ಏಳನೇ ಕ್ಲಾಸಿನಲ್ಲಿ ಎಷ್ಟು ಮಕ್ಕಳು? ವಾರದಲ್ಲಿ ಯಾವ ಪೀರಿಯಡ್ ಬಿಡಬಹುದು? ಕ್ಲಾಸ್ ರೂಮಿನ ಪ್ಲಗ್ ಪಾಯಿಂಟ್‌ಗಳಲ್ಲಿ ಎಷ್ಟು ಕೆಲಸ ಮಾಡುತ್ತವೆ? ಅರ್ಥಿಂಗ್ ಸರಿ ಇದೆಯಾ? ಮಳೆಗಾಲದಲ್ಲಿ ಕರೆಂಟ್ ಹೋದರೆ ಎಷ್ಟು ದಿನಕ್ಕೆ ಬರುತ್ತೆ? ಯಾವ ರೂಮು ಸೋರುವುದಿಲ್ಲ? ಬೀರುವಿನ ಕೀಲಿ ಯಾರ ಹತ್ತಿರ ಇರುತ್ತೆ, ಅವರು ರಜೆ ಹಾಕಿದರೆ ಯಾರ ಹತ್ತಿರ?

ಕೊನೆಯ ಪ್ರಶ್ನೆ ಸಣ್ಣದು ಅನ್ನಿಸಬಹುದು. ಕೀಲಿ ಹೆಡ್ ಮಾಸ್ಟರ್ ಹತ್ತಿರ ಮಾತ್ರ ಇದ್ದು, ಅವರಿಗೆ ವಾರದಲ್ಲಿ ಎರಡು ದಿನ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನ ಮೀಟಿಂಗ್ ಇದ್ದರೆ ಆ ಎರಡು ದಿನ ನೀವು ಕೊಟ್ಟ ಕಿಟ್ ಇಲ್ಲದ ಹಾಗೇ. ನಾವು ಬೀರು ಬಿಟ್ಟು ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬಿಗಳನ್ನು ಕ್ಲಾಸ್ ರೂಮಿನಲ್ಲೇ ಇಟ್ಟೆವು. ಡಬ್ಬಿಯ ಜವಾಬ್ದಾರಿ ಮಕ್ಕಳದ್ದೇ. ಸಾಮಾನು ಕಳೆದದ್ದು ತುಂಬಾ ಕಡಿಮೆ.

ಆಗಲೇ ಸ್ಮಾರ್ಟ್ ಕ್ಲಾಸೋ ಪ್ರೊಜೆಕ್ಟರೋ ಅಟಲ್ ಟಿಂಕರಿಂಗ್ ಲ್ಯಾಬೋ ಇದೆಯಾ ಅಂತಲೂ ನೋಡಿ. ಮಕ್ಕಳು ಎಲೆಕ್ಟ್ರಾನಿಕ್ಸ್, ರೋಬೋಟ್ ಅಂಥದ್ದನ್ನು ಕೈಯಾರೆ ಮಾಡಿ ನೋಡುವ ಅಟಲ್ ಲ್ಯಾಬ್ 2016ರಿಂದ ನೀತಿ ಆಯೋಗದ ಕಡೆಯಿಂದ ಬಂದದ್ದು, ಆರರಿಂದ ಹನ್ನೆರಡನೇ ಕ್ಲಾಸಿನ ಮಕ್ಕಳಿಗೆ, ಆಯ್ಕೆಯಾದ ಶಾಲೆಗೆ ಒಟ್ಟು 20 ಲಕ್ಷ ರೂಪಾಯಿವರೆಗೆ ಅನುದಾನ. ಹತ್ತಿರದ ಹೈಸ್ಕೂಲಿನಲ್ಲಿ ಅದು ಇದ್ದರೆ ನಿಮ್ಮ ದುಡ್ಡಿನಲ್ಲಿ ಮತ್ತೊಂದು ಲ್ಯಾಬ್ ಕಟ್ಟುವುದು ಬೇಡ. ನಿಮ್ಮ ಪ್ರೈಮರಿ ಶಾಲೆಯ ಮಕ್ಕಳನ್ನು ತಿಂಗಳಿಗೆ ಎರಡು ಸಲ ಅಲ್ಲಿಗೆ ಕರೆದುಕೊಂಡು ಹೋಗಿ ಬರುವ ಜೀಪಿನ ಬಾಡಿಗೆ ಕೊಡಿ. ಅದೂ ದಾನವೇ, ಮತ್ತು ಒಳ್ಳೆಯ ದಾನ.

ಏನು ಕೊಡಬೇಕು, ಎಷ್ಟು ಕೊಡಬೇಕು

ನನ್ನ ಲೆಕ್ಕ ಇಷ್ಟೇ: ಇಬ್ಬರು ಮಕ್ಕಳಿಗೆ ಒಂದು. ಎಂಬತ್ತು ಸಾವಿರದ ಒಂದು ರೋಬೋಟ್ ತಂದು ಮೇಜಿನ ಮೇಲೆ ಇಟ್ಟರೆ ಇಪ್ಪತ್ತೆರಡು ಮಕ್ಕಳು ಸುತ್ತ ನಿಂತು ನೋಡುತ್ತಾರೆ, ಮುಂದಿನ ಸಾಲಿನ ನಾಲ್ಕು ಜನ ಮುಟ್ಟುತ್ತಾರೆ, ಹಿಂದಿನವರಿಗೆ ಬೇರೆಯವರ ತಲೆ ಮಾತ್ರ ಕಾಣುತ್ತದೆ. ಮಕ್ಕಳೇ ಪ್ರೋಗ್ರಾಮ್ ಬರೆದು ಕೆಲಸ ಮಾಡಿಸುವ ಸಣ್ಣ ಎಲೆಕ್ಟ್ರಾನಿಕ್ ಬೋರ್ಡು ಸಾಕು, ಆದರೆ ಎಲ್ಲರ ಕೈಗೂ ಸಿಗಬೇಕು.

ನಾವು ತೆಗೆದುಕೊಂಡದ್ದು ಮೈಕ್ರೋಬಿಟ್. ಬಿಬಿಸಿಯವರು 2016ರಲ್ಲಿ ಬ್ರಿಟನ್ನಿನ ಶಾಲಾ ಮಕ್ಕಳಿಗೆ ಅಂತಲೇ ಹಂಚಿದ ಬೋರ್ಡು ಇದು. ಬೆಂಕಿಪೊಟ್ಟಣಕ್ಕಿಂತ ಅಷ್ಟೇನೂ ದೊಡ್ಡದಲ್ಲ. ಇಪ್ಪತ್ತೈದು ಸಣ್ಣ ದೀಪ, ಎರಡು ಗುಂಡಿ, ಅಲುಗಾಟ ತಿಳಿಯುವ ಸೆನ್ಸಾರ್, ದಿಕ್ಸೂಚಿ, ಉಷ್ಣಾಂಶ ಅಳೆಯುವ ವ್ಯವಸ್ಥೆ ಎಲ್ಲ ಅದರ ಮೇಲೇ ಇದೆ. 2020ರ ಹೊಸ ಮಾದರಿಯಲ್ಲಿ ಮೈಕ್, ಸ್ಪೀಕರ್ ಕೂಡ ಸೇರಿದೆ. ಎರಡು ಸಣ್ಣ ಸೆಲ್ಲಿನಲ್ಲಿ ನಡೆಯುತ್ತದೆ. ಕೊಡಗಿಗೆ ಇದು ಸರಿಹೋಗಲು ಮುಖ್ಯ ಕಾರಣ ಬೇರೆ. ಇದಕ್ಕೆ ಪ್ರೋಗ್ರಾಮ್ ಬರೆಯುವ ಮೇಕ್‌ಕೋಡ್ ಅನ್ನು ಹಳೇ ಲ್ಯಾಪ್‌ಟಾಪಿಗೆ ಒಂದು ಸಲ ಹಾಕಿಕೊಂಡರೆ ಆಮೇಲೆ ಇಂಟರ್‌ನೆಟ್ ಬೇಡ. ಬೋರ್ಡನ್ನು ಕೇಬಲ್‌ನಲ್ಲಿ ಚುಚ್ಚಿದರೆ ಪೆನ್‌ಡ್ರೈವ್ ಥರ ಕಾಣಿಸುತ್ತದೆ, ಫೈಲನ್ನು ಎಳೆದು ಹಾಕಿದರೆ ಆಯ್ತು. ಕೊರೊನಾ ಕಾಲದಲ್ಲಿ ನೆಟ್‌ವರ್ಕ್ ಹುಡುಕಿ ಮಕ್ಕಳು ಗುಡ್ಡ ಹತ್ತಿದ ಊರುಗಳು ನಮ್ಮವು, ಇಂಟರ್‌ನೆಟ್ ನಂಬಿ ಏನನ್ನೂ ಶುರು ಮಾಡಬಾರದು.

ಇಂಥದ್ದೇ ಇನ್ನೊಂದು ಬೋರ್ಡು ಆರ್ಡುಯಿನೊ ಕೂಡ ಒಳ್ಳೆಯದೇ, ಅಗ್ಗವೂ ಹೌದು. ಹೈಸ್ಕೂಲಾದರೆ ಅದನ್ನೇ ಕೊಡಿ. ಆದರೆ ಮೊದಲ ದಿನವೇ ಬಿಡಿಭಾಗ ಚುಚ್ಚಿ ಜೋಡಿಸುವ ಬ್ರೆಡ್‌ಬೋರ್ಡು, ವೈರು, ರೆಸಿಸ್ಟರು ಎಲ್ಲ ಬೇಕಾಗುತ್ತದೆ. ಆರನೇ ಕ್ಲಾಸಿನ ಮಗುವಿಗೆ ಮೊದಲ ಹತ್ತು ನಿಮಿಷದಲ್ಲಿ ಏನೋ ಒಂದು ಮಿನುಗಬೇಕು, ಆಗ ಮುಂದಿನ ಹತ್ತು ವಾರ ಅದು ಕೈ ಬಿಡುವುದಿಲ್ಲ.

ಇಪ್ಪತ್ತೆರಡು ಮಕ್ಕಳ ಕ್ಲಾಸಿಗೆ ನಾವು ಐವತ್ತು ಸಾವಿರವನ್ನು ಹಂಚಿದ್ದು ಹೀಗೆ. ಬೋರ್ಡು ಹನ್ನೆರಡು, ಸುಮಾರು 24,000. ಸೆನ್ಸಾರು, ಕ್ರೊಕೊಡೈಲ್ ಕ್ಲಿಪ್, ವೈರು, ಅಯಸ್ಕಾಂತ ಇತ್ಯಾದಿ 6,000. ಮತ್ತೆ ಮತ್ತೆ ಚಾರ್ಜ್ ಮಾಡುವ ಸೆಲ್ಲು, ಚಾರ್ಜರು 5,000. ಡಬ್ಬಿಗಳಿಗೆ 1,500. ಕಲಿಸಲು ಬರುವವರ ಬಸ್ ಚಾರ್ಜು, ಶನಿವಾರ ನಿಲ್ಲುವ ಮಕ್ಕಳಿಗೆ ತಿಂಡಿ ಸೇರಿ 6,000. ಉಳಿದ 7,500 ಮೊದಲಿಗೆ ಮುಟ್ಟಲೇ ಇಲ್ಲ, ಅದು ಒಡೆದದ್ದಕ್ಕೆ, ಕಳೆದದ್ದಕ್ಕೆ. ಬೆಲೆ ಏರಿಳಿಯುತ್ತದೆ, ಜಿಎಸ್‌ಟಿ ಸೇರಿಸಿ ಕೇಳಿಕೊಳ್ಳಿ. ಆದರೆ ಕೊನೆಯ ಬಾಬ್ತನ್ನು ಮಾತ್ರ ಬಿಡಬೇಡಿ. ದುಡ್ಡು ಕಡಿಮೆ ಬಿದ್ದರೆ ಎರಡು ಬೋರ್ಡು ಕಡಿಮೆ ಮಾಡಿ, ರಿಪೇರಿ ದುಡ್ಡಿಗೆ ಕೈ ಹಾಕಬೇಡಿ.

ಒಂದು ಕಾಗದವನ್ನೂ ಕೊಡಿ, ನಾವು ಕೊಟ್ಟೆವು. ಅದರಲ್ಲಿ ಇಷ್ಟೇ ಇತ್ತು: ಈ ಸಾಮಾನು ಮಕ್ಕಳು ಬಳಸಲು ಕೊಟ್ಟದ್ದು, ಬಳಸುವಾಗ ಒಡೆದರೆ, ಸುಟ್ಟರೆ, ಸವೆದರೆ ಟೀಚರ್ ಹೊಣೆ ಅಲ್ಲ, ವರ್ಷಕ್ಕೆ ಇಷ್ಟರ ಮಟ್ಟಿಗೆ ಬದಲಿ ಕೊಡುವುದು ನಮ್ಮ ಜವಾಬ್ದಾರಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಇದನ್ನು ಓದಿ ನಡಾವಳಿ ಪುಸ್ತಕದಲ್ಲಿ ಬರೆಸಿ, ಒಂದು ಪ್ರತಿ ಬಿಇಒ ಆಫೀಸಿಗೆ ಕೊಟ್ಟೆವು. ಆ ಕಾಗದ ಬಂದ ಮೇಲೆ ಟೀಚರ್ ಮುಖವೇ ಬೇರೆ ಆಯ್ತು. ಮುಂದಿನ ವಾರ ಅವರೇ ಮಕ್ಕಳಿಗೆ "ಬಿಚ್ಚಿ ನೋಡಿ" ಅಂದರು.

ದುಡ್ಡಿನ ಕಾಗದ ಪತ್ರ

ಇದು ಬೇಜಾರಿನ ಭಾಗ, ಬೇಗ ಮುಗಿಸುತ್ತೇನೆ. ಅಂಗಡಿಯ ಬಿಲ್ಲು ಶಾಲೆಯ ಹೆಸರಿನಲ್ಲೇ ಇರಲಿ, ವಾರಂಟಿ ಕೇಳುವಾಗ ಬೇಕಾಗುತ್ತದೆ. ನಗದಾಗಿ ಯಾರ ಕೈಗೂ ಕೊಡಬೇಡಿ, ಸ್ನೇಹಿತರೇ ಆದರೂ. ಕೂಡಿಸಿದ ದುಡ್ಡಿನ ಲೆಕ್ಕವನ್ನು ಕೊಟ್ಟ ಎಲ್ಲರಿಗೂ ಬಿಲ್ಲಿನ ಫೋಟೋ ಜೊತೆ ಕಳಿಸಿ.

ತೆರಿಗೆ ವಿನಾಯಿತಿ ಸಿಗುತ್ತಾ ಅಂತ ಎಲ್ಲರೂ ಕೇಳುತ್ತಾರೆ. ನೀವೇ ಬೋರ್ಡು ಕೊಂಡು ಶಾಲೆಗೆ ಕೊಟ್ಟರೆ ಸಿಗುವುದಿಲ್ಲ, ಜನ 80ಜಿ ಅಂತ ಕರೆಯುವ ವಿನಾಯಿತಿ ದುಡ್ಡಿನ ರೂಪದ ದಾನಕ್ಕೆ ಮಾತ್ರ. ಅದೂ ನೋಂದಣಿ ಇರುವ ಟ್ರಸ್ಟಿಗೆ ಕೊಟ್ಟಿರಬೇಕು, 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಲೆಕ್ಕಕ್ಕೆ ಬರುವುದಿಲ್ಲ, ಮತ್ತು ನೀವು ಹೊಸ ತೆರಿಗೆ ಪದ್ಧತಿಯಲ್ಲಿ ಇದ್ದರೆ ಇದು ಅನ್ವಯಿಸುವುದೇ ಇಲ್ಲ. ಇದಕ್ಕೋಸ್ಕರ ತಲೆ ಕೆಡಿಸಿಕೊಂಡು ಆರು ತಿಂಗಳು ಕಳೆಯುವುದಕ್ಕಿಂತ ಸುಮ್ನೆ ಕೊಟ್ಟುಬಿಡುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಕೇಂದ್ರ ಸರ್ಕಾರದ ವಿದ್ಯಾಂಜಲಿ ಪೋರ್ಟಲ್ 2021ರಿಂದ ಇದೆ, ಅದರಲ್ಲಿ ಶಾಲೆಯವರೇ ತಮಗೆ ಏನು ಬೇಕು ಅಂತ ಹಾಕಬಹುದು, ನೀವು ಸಾಮಾನೋ ಸಮಯವೋ ಕೊಡಲು ಮುಂದೆ ಬರಬಹುದು. ದೂರದಲ್ಲಿ ಇರುವವರಿಗೆ, ಊರಿನ ಸಂಪರ್ಕ ತಪ್ಪಿದವರಿಗೆ ಅದು ಒಂದು ದಾರಿ.

ಶುರು ಮಾಡಲು ಅಕ್ಟೋಬರ್ ಒಳ್ಳೆಯದು

ಜೂನ್‌ನಲ್ಲಿ ಶಾಲೆ ಶುರುವಾಗುತ್ತೆ ಅಂತ ಜೂನ್‌ನಲ್ಲೇ ಕಿಟ್ ಕೊಟ್ಟರೆ ನಮ್ಮ ಕಡೆ ಕಷ್ಟ. ಮಳೆ ರಜೆ, ಕರೆಂಟಿಲ್ಲದ ದಿನಗಳು, ಟೀಚರ್ ವರ್ಗಾವಣೆ, ಎಲ್ಲ ಆಗಲೇ. ದಸರಾ ರಜೆಯ ಮುಂಚೆ ಎರಡು ಬೋರ್ಡನ್ನು ಟೀಚರ್ ಕೈಗೆ ಕೊಡಿ, ಮನೆಗೆ ತೆಗೆದುಕೊಂಡು ಹೋಗಲಿ. ರಜೆಯಲ್ಲಿ ಅವರ ಮಕ್ಕಳ ಜೊತೆ ಕೂತು ಆಡಲಿ. ರಜೆ ಮುಗಿದು ಬರುವಾಗ ಅವರ ಹತ್ತಿರ ನಿಮಗಿಂತ ಜಾಸ್ತಿ ಉಪಾಯ ಇರುತ್ತದೆ.

ಹೊರಗಿನಿಂದ ಯಾರನ್ನೋ ಕರೆಸಿ ಒಂದು ದಿನದ ಕಾರ್ಯಾಗಾರ ಮಾಡಿಸಿ ಕೈ ತೊಳೆದುಕೊಳ್ಳಬೇಡಿ. ಪೊನ್ನಂಪೇಟೆಯಲ್ಲಿ, ಕುಶಾಲನಗರದಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿನ ವಿದ್ಯಾರ್ಥಿಗಳು ಇಬ್ಬರು ಹದಿನೈದು ದಿನಕ್ಕೊಮ್ಮೆ ಶನಿವಾರ ಬಂದರೆ ಸಾಕು, ಅವರ ಬಸ್ ಚಾರ್ಜು ಊಟ ನೀವು ನೋಡಿಕೊಳ್ಳಿ. ಮುಖ್ಯವಾಗಿ ಪಾಠ ಟೀಚರೇ ಮಾಡಲಿ, ಬಂದವರು ಪಕ್ಕದಲ್ಲಿ ಇರಲಿ.

ಇನ್ನೊಂದು ನೆನಪಿಡಿ. ತೋಟದ ಕಾರ್ಮಿಕರ ಲೈನ್ ಮನೆಗಳ ಮಕ್ಕಳು ಎಷ್ಟೋ ಜನ ವರ್ಷದ ಮಧ್ಯದಲ್ಲಿ ಬರುತ್ತಾರೆ, ಕಾಫಿ ಕೊಯ್ಲು ಮುಗಿದ ಮೇಲೆ ಅಪ್ಪ ಅಮ್ಮನ ಜೊತೆ ಬೇರೆ ತೋಟಕ್ಕೆ ಹೋಗುತ್ತಾರೆ. ಹಾಗಾಗಿ ಕಿಟ್ ಮೇಲೆ ಮಗುವಿನ ಹೆಸರು ಅಂಟಿಸಿ ಹಂಚಬೇಡಿ. ಡಬ್ಬಿಗೆ ನಂಬರ್ ಹಾಕಿ, ಜೋಡಿ ಬದಲಾಗುತ್ತಿರಲಿ. ನಡುವೆ ಬಂದ ಮಗು ಅವತ್ತೇ ಯಾರದ್ದಾದರೂ ಪಕ್ಕ ಕೂತು ಶುರು ಮಾಡುವಂತಿರಬೇಕು. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಯರವ, ತಮಿಳು ಮಾತಾಡುವ ಮಕ್ಕಳೆಲ್ಲ ಒಂದೇ ಕ್ಲಾಸಿನಲ್ಲಿ ಇರುತ್ತಾರೆ, ಇಂಗ್ಲಿಷ್ ಪುಸ್ತಕ ಕೊಟ್ಟು ಓದಿ ಅನ್ನುವುದು ಸರಿಯಲ್ಲ. ನಾವು ಕನ್ನಡದಲ್ಲಿ ಎಂಟು ಪುಟದ ಕೈಬರಹದ ಪುಸ್ತಕ ಮಾಡಿ ಜೆರಾಕ್ಸ್ ಹಾಕಿಸಿದೆವು, ಚಿತ್ರ ಜಾಸ್ತಿ, ಮಾತು ಕಡಿಮೆ.

ಹತ್ತು ನಿಮಿಷಕ್ಕೊಮ್ಮೆ ಕೈ ಬದಲಾಗಬೇಕು ಅನ್ನುವ ನಿಯಮ ಇಡಿ. ಒಬ್ಬರು ಲ್ಯಾಪ್‌ಟಾಪ್ ಹಿಡಿದರೆ ಇನ್ನೊಬ್ಬರು ವೈರು, ಆಮೇಲೆ ಅದಲು ಬದಲು. ಈ ನಿಯಮ ಇಲ್ಲದಿದ್ದರೆ ಹುಡುಗರು ಬೋರ್ಡು ಕಿತ್ತುಕೊಳ್ಳುತ್ತಾರೆ, ಹುಡುಗಿಯರು ನೋಟ್ಸ್ ಬರೆಯುತ್ತಾ ಕೂರುತ್ತಾರೆ. ಎರಡೂ ಶಾಲೆಯಲ್ಲಿ ಮೊದಲ ದಿನ ಹಾಗೇ ಆಯ್ತು.

ನಮ್ಮಲ್ಲಿ ಹಿಡಿಸಿದ್ದು ಮಳೆ ಮಾಪಕ

ದೀಪ ಮಿನುಗಿಸುವುದು, ಬೋರ್ಡು ಅಲುಗಿಸಿದರೆ ದಾಳದ ನಂಬರ್ ಬರುವುದು, ಇವೆಲ್ಲ ಮೊದಲ ಮೂರು ವಾರಕ್ಕೆ ಚೆಂದ. ಆಮೇಲೆ ಮಕ್ಕಳಿಗೆ ತಮ್ಮದು ಅನ್ನಿಸುವ ಕೆಲಸ ಬೇಕು. ಕೊಡಗಿನಲ್ಲಿ ಅದು ಮಳೆ. ತೋಟದ ಮನೆಗಳಲ್ಲಿ ಅಜ್ಜನ ಕಾಲದಿಂದ ಡೈರಿಯಲ್ಲಿ ಮಳೆ ಬರೆದಿಡುತ್ತಾರೆ, ಈಗಲೂ ಫೋನಿನಲ್ಲಿ ಮೊದಲು ಕೇಳುವುದು "ನಿಮ್ಮಲ್ಲಿ ಎಷ್ಟು ಸೆಂಟ್" ಅಂತ. ಇಂಚಿನ ನೂರನೇ ಒಂದು ಭಾಗ ಒಂದು ಸೆಂಟ್. ಭಾಗಮಂಡಲದ ಮಳೆಗೂ ಕುಶಾಲನಗರದ ಮಳೆಗೂ ಅಜಗಜಾಂತರ, ಪಕ್ಕದ ತೋಟಕ್ಕೂ ನಮ್ಮ ತೋಟಕ್ಕೂ ಹೊಂದುವುದಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದದ್ದನ್ನು ನೋಡಿದ ಊರುಗಳಲ್ಲಿ ಎಷ್ಟು ಮಳೆ ಬಿತ್ತು ಅನ್ನುವುದು ಬರೀ ಲೆಕ್ಕದ ಪ್ರಶ್ನೆಯಾಗಿ ಉಳಿದಿಲ್ಲ.

ಮಾಡಿದ್ದು ಹೀಗೆ. ಮೇಲೆ ಇಪ್ಪತ್ತು ಸೆಂಟಿಮೀಟರ್ ಅಗಲದ ಆಲಿಕೆ. ಅದರ ಕೆಳಗೆ ಮಕ್ಕಳ ಪಾರ್ಕಿನ ಸೀಸಾ ಥರ ಆ ಕಡೆ ಈ ಕಡೆ ವಾಲುವ ಎರಡು ಸಣ್ಣ ತೊಟ್ಟಿ, ಪ್ಲಾಸ್ಟಿಕ್ ಬಾಟಲಿ ಕತ್ತರಿಸಿ ಮಾಡಿದ್ದು. ಒಂದು ತೊಟ್ಟಿ ತುಂಬಿದರೆ ವಾಲಿ ನೀರು ಚೆಲ್ಲುತ್ತದೆ, ಇನ್ನೊಂದು ಆಲಿಕೆಯ ಕೆಳಗೆ ಬರುತ್ತದೆ. ತೊಟ್ಟಿಗೆ ಒಂದು ಅಯಸ್ಕಾಂತ, ಪಕ್ಕದ ಕಂಬಕ್ಕೆ ರೀಡ್ ಸ್ವಿಚ್. ಅಯಸ್ಕಾಂತ ಹಾದುಹೋದಾಗ ಸ್ವಿಚ್ ಕೂಡಿ ಬಿಡುತ್ತದೆ, ಮೈಕ್ರೋಬಿಟ್ ಒಂದು ಎಣಿಸುತ್ತದೆ. ಬೋರ್ಡನ್ನು ಜಗಲಿಯೊಳಗೆ ಒಣ ಜಾಗದಲ್ಲಿ ಇಟ್ಟು ಉದ್ದ ವೈರು ಮಾತ್ರ ಹೊರಗೆ ಬಿಟ್ಟೆವು.

ಇದರ ಗಣಿತ ನೋಡಿ. ಇಪ್ಪತ್ತು ಸೆಂಟಿಮೀಟರ್ ಅಗಲದ ಆಲಿಕೆಯ ಬಾಯಿ ಸುಮಾರು 314 ಚದರ ಸೆಂಟಿಮೀಟರ್. ಒಂದು ಸೆಂಟ್ ಮಳೆ ಅಂದರೆ 0.254 ಮಿಲಿಮೀಟರ್. ಎರಡನ್ನೂ ಗುಣಿಸಿದರೆ ಸುಮಾರು 8 ಮಿಲಿಲೀಟರ್ ನೀರು. ಅಂದರೆ ತೊಟ್ಟಿ ಸರಿಯಾಗಿ 8 ಮಿಲಿಲೀಟರಿಗೆ ವಾಲುವಂತೆ ಕೆಳಗಿನ ಸ್ಕ್ರೂ ತಿರುಗಿಸಿ ಹೊಂದಿಸಿದರೆ ಒಂದು ವಾಲಾಟ ಅಂದರೆ ಒಂದು ಸೆಂಟ್! ಏಳನೇ ಕ್ಲಾಸಿನ ಮಕ್ಕಳು ಸಿರಿಂಜಿನಲ್ಲಿ ನಿಧಾನ 80 ಮಿಲಿಲೀಟರ್ ಬಿಟ್ಟು ಹತ್ತು ಸಲ ವಾಲಿತಾ ಅಂತ ಎಣಿಸುತ್ತಾ ಮಧ್ಯಾಹ್ನ ಬಿಸಿಯೂಟಕ್ಕೂ ಏಳಲಿಲ್ಲ. ವೃತ್ತದ ವಿಸ್ತೀರ್ಣ ಯಾಕೆ ಕಲಿಯಬೇಕು ಅಂತ ಆ ಕ್ಲಾಸಿನಲ್ಲಿ ಆಮೇಲೆ ಯಾರೂ ಕೇಳಿಲ್ಲ ಅಂತ ಟೀಚರ್ ಹೇಳಿದರು.

ತೊಂದರೆಗಳೂ ಬಂದವು, ಬರಬೇಕು. ಒಂದು ಸಲ ವಾಲಿದ್ದಕ್ಕೆ ಎರಡು ಮೂರು ಎಣಿಸುತ್ತಿತ್ತು, ಸ್ವಿಚ್ ಕೂಡುವಾಗ ಒಳಗೆ ಸ್ವಲ್ಪ ನಡುಗುತ್ತದೆ. ಪ್ರೋಗ್ರಾಮಿನಲ್ಲಿ ಒಂದು ಎಣಿಕೆಯ ನಂತರ ಕ್ಷಣ ಹೊತ್ತು ಕಾಯುವಂತೆ ಮಾಡಿದ ಮೇಲೆ ಸರಿಹೋಯ್ತು. ಇನ್ನೊಂದು ದಿನ ಜೋರು ಮಳೆ ಬಂದರೂ ಸೊನ್ನೆ ತೋರಿಸಿತು. ಲೈನ್ ಮನೆಯಿಂದ ಬರುವ ಹುಡುಗಿಯೊಬ್ಬಳು ಆಲಿಕೆ ಎತ್ತಿ ನೋಡಿದಳು, ಸಿಲ್ವರ್ ಓಕಿನ ಎಲೆ ತೂತಿಗೆ ಸಿಕ್ಕಿಕೊಂಡಿತ್ತು. ಅವಳೇ ಸೊಳ್ಳೆ ಪರದೆಯ ತುಂಡು ತಂದು ಕಟ್ಟಿದಳು. ತುಂಬಾ ಬಿರುಸಿನ ಮಳೆಯಲ್ಲಿ ಇದು ಸ್ವಲ್ಪ ಕಡಿಮೆ ತೋರಿಸುತ್ತದೆ, ವಾಲುವ ಹೊತ್ತಿನಲ್ಲೂ ನೀರು ಬೀಳುತ್ತಿರುತ್ತದಲ್ಲ. ಪಕ್ಕದ ತೋಟದವರ ಮಾಪಕದ ಜೊತೆ ಹೋಲಿಸಿ ಮಕ್ಕಳೇ ಇದನ್ನು ಕಂಡುಹಿಡಿದರು. ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಓದಿ ಕಪ್ಪು ಹಲಗೆಯಲ್ಲಿ ಬರೆಯುತ್ತಾರೆ. ಮಾರ್ಚಿನಲ್ಲಿ ಕಾಫಿ ಹೂ ಬಿಡಿಸುವ ಹೂಮಳೆ ಬಂದಾಗ ತೋಟದವರು ಶಾಲೆಗೆ ಫೋನ್ ಮಾಡಿ ಎಷ್ಟು ಅಂತ ಕೇಳಿದರು, ಮಕ್ಕಳಿಗೆ ಅದಕ್ಕಿಂತ ದೊಡ್ಡ ಬಹುಮಾನ ಬೇಕಾ?

ಇಂಥ ಉಪಾಯವನ್ನು, ಮಕ್ಕಳ ಹೊಸ ಯೋಚನೆಗಳಿಗೆ ಕೇಂದ್ರ ಸರ್ಕಾರ ಕೊಡುವ ಇನ್‌ಸ್ಪೈರ್ ಅವಾರ್ಡಿಗೆ ಕಳಿಸಬಹುದು ಅಂತ ಟೀಚರಿಗೆ ನೆನಪಿಸಿ. ಆಯ್ಕೆಯಾದ ಮಗುವಿನ ಖಾತೆಗೆ 10,000 ರೂಪಾಯಿ ಬರುತ್ತದೆ.

ದಾನಿಗಳು ಫೋಟೋ ಕೇಳುತ್ತಾರೆ. ಕೈಗಳ, ಕೆಲಸದ ಫೋಟೋ ಕಳಿಸಿ, ಮಕ್ಕಳ ಮುಖ ಹೆಸರು ಬೇಡ. ಕಿಟ್ ಹಿಡಿದು ಸಾಲಾಗಿ ನಿಲ್ಲಿಸಿ ಥ್ಯಾಂಕ್ಸ್ ಹೇಳಿಸುವುದಂತೂ ಖಂಡಿತ ಬೇಡ. ಮಗುವೊಂದು ಬರೆದ ಮಳೆ ಲೆಕ್ಕದ ಪುಟದ ಫೋಟೋ ಕಳಿಸಿ ನೋಡಿ, ನಮ್ಮ ಗುಂಪಿನಲ್ಲಿ ಎರಡನೇ ವರ್ಷ ದುಡ್ಡು ಕೇಳುವ ಮೊದಲೇ ಬಂದದ್ದು ಅದರಿಂದ.

ಮೇ ತಿಂಗಳ ಕೆಲಸ

ಬೇಸಿಗೆಯ ಗುಡುಗು ಸಿಡಿಲು ಶುರುವಾದ ಮೇಲೆ ಚಾರ್ಜರ್, ಲ್ಯಾಪ್‌ಟಾಪ್ ಪ್ಲಗ್ಗಿನಲ್ಲಿ ಬಿಟ್ಟು ಹೋಗಬಾರದು ಅಂತ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ. ಮಳೆ ಹಿಡಿಯುವ ಮೊದಲು ಒಂದು ದಿನ ಶಾಲೆಗೆ ಹೋಗಿ. ಬಳಸದ ಬೋರ್ಡುಗಳಿಂದ ಸೆಲ್ ತೆಗೆಯಿರಿ, ಬಿಟ್ಟರೆ ಸೋರಿ ಬೋರ್ಡನ್ನೇ ತಿನ್ನುತ್ತದೆ. ಗಾಳಿಯಾಡದ ಡಬ್ಬಿಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ನಿಮ್ಮ ಮನೆಯ ಹೊಸ ಬ್ಯಾಗು ಚಪ್ಪಲಿ ಜೊತೆ ಬಂದ ಪೊಟ್ಟಣಗಳನ್ನು ವರ್ಷವಿಡೀ ಕೂಡಿಡಿ. ಡಬ್ಬಿ ನೆಲಕ್ಕೆ ಇಡಬೇಡಿ, ಗೋಡೆಗೆ ತಾಗಿಸಲೂ ಬೇಡಿ, ಗೆದ್ದಲು ಮತ್ತು ತೇವ ಎರಡೂ ಅಲ್ಲಿಂದಲೇ ಬರುತ್ತವೆ. ಏನು ಒಡೆದಿದೆ ಅಂತ ಮಕ್ಕಳ ಕೈಯಲ್ಲೇ ಪಟ್ಟಿ ಬರೆಸಿ. ಮೊದಲ ವರ್ಷ ನಮ್ಮ ಪಟ್ಟಿಯಲ್ಲಿ ಇದ್ದದ್ದು ಒಂದು ಬೋರ್ಡು, ಐದು ಕೇಬಲ್, ಹನ್ನೊಂದು ಕ್ಲಿಪ್, ಎರಡು ಆಲಿಕೆ. ಆ 7,500ರಲ್ಲಿ ಎಲ್ಲ ಬಂತು, ಉಳಿದದ್ದರಲ್ಲಿ ಮಳೆ ಮಾಪಕಕ್ಕೆ ಇನ್ನೂ ಉದ್ದದ ವೈರು ತಂದೆವು.